ಐದು ಕೋತಿ, ಬಿಸಿನೀರಿನ ಕಪ್ಪೆ: ‘ಜನ ಬದಲಾವಣೆಗೆ ಒಗ್ಗುವುದಿಲ್ಲ’ ಎನ್ನುವ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಕಚೇರಿಯಲ್ಲಿ ಹೊಸ ಸಾಫ್ಟ್‌ವೇರ್ ಬಂತು, ಶಿಫ್ಟ್ ಬದಲಾಯಿತು, ಹೊಸ ಮ್ಯಾನೇಜರ್ ಬಂದರು. ಸಿಬ್ಬಂದಿಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಗೊಣಗಾಟ ಶುರುವಾಗುತ್ತದೆ. ಅಷ್ಟರಲ್ಲಿ ಯಾರಾದರೊಬ್ಬರು ಒಂದು ಕಥೆ ಹಾಕುತ್ತಾರೆ. ಏಣಿ ಹತ್ತದ ಐದು ಕೋತಿಗಳ ಕಥೆ, ಇಲ್ಲವೇ ಬಿಸಿನೀರಿನಲ್ಲಿ ಕೂತೇ ಸತ್ತ ಕಪ್ಪೆಯ ಕಥೆ. ಕೆಳಗೆ ‘ಬದಲಾವಣೆಯೇ ಜಗದ ನಿಯಮ, ಒಗ್ಗಿಕೊಳ್ಳದವನು ನಾಶವಾಗುತ್ತಾನೆ’ ಎಂಬ ಸಾಲು, ಜೊತೆಗೆ ಎರಡು ನಮಸ್ಕಾರದ ಎಮೋಜಿ. ಬಳ್ಳಾರಿಯ ಪಾರ್ವತಿನಗರದ ಕ್ಲಿನಿಕ್‌ನಲ್ಲಿ ಕೆಲಸ ಮಾಡುವವರಿಗೂ ಬೆಂಗಳೂರಿನ ಐಟಿ ಕಂಪನಿಯವರಿಗೂ ಬರುವುದು ಇದೇ ಫಾರ್ವರ್ಡ್.

ಈ ಕಥೆಗಳು ಎಲ್ಲಿಂದ ಬಂದವು, ಕೆಲಸದ ಜಾಗದಲ್ಲಿ ಬದಲಾವಣೆ ಮತ್ತು ಹೊಸ ಐಡಿಯಾಗಳ ಬಗ್ಗೆ ನಿಜವಾದ ಅಧ್ಯಯನಗಳು ಏನು ಹೇಳುತ್ತವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

- ಐದು ಕೋತಿಗಳ ಪ್ರಯೋಗ ಫಾರ್ವರ್ಡ್‌ನಲ್ಲಿ ಹೇಳಿದ ರೀತಿಯಲ್ಲಿ ನಡೆದದ್ದಕ್ಕೆ ದಾಖಲೆ ಇಲ್ಲ.
- ಆರೋಗ್ಯವಂತ ಕಪ್ಪೆ ನೀರು ಬಿಸಿಯಾದಂತೆ ಹೊರಗೆ ಬರಲು ನೋಡುತ್ತದೆ.
- ‘100ರಲ್ಲಿ 70 ಬದಲಾವಣೆಗಳು ವಿಫಲ’ ಎಂಬ ಅಂಕಿಗೆ ಗಟ್ಟಿ ಆಧಾರವಿಲ್ಲ.
- ಜನ ಬದಲಾವಣೆಯನ್ನು ಒಪ್ಪುತ್ತಾರೋ ಇಲ್ಲವೋ ಎಂಬುದು ಅವರ ಸ್ವಭಾವಕ್ಕಿಂತ ಹೆಚ್ಚಾಗಿ ಆ ಬದಲಾವಣೆಯನ್ನು ಹೇಗೆ ತರಲಾಯಿತು ಎಂಬುದರ ಮೇಲೆ ನಿಂತಿದೆ.

ಫಾರ್ವರ್ಡ್ 1: ಐದು ಕೋತಿಗಳು

ಕಥೆ ಹೀಗಿದೆ. ಪಂಜರದಲ್ಲಿ ಐದು ಕೋತಿ, ನಡುವೆ ಏಣಿ, ಏಣಿಯ ಮೇಲೆ ಬಾಳೆಹಣ್ಣು. ಒಂದು ಕೋತಿ ಏಣಿ ಹತ್ತಿದರೆ ಎಲ್ಲದರ ಮೇಲೂ ತಣ್ಣೀರು ಸುರಿಯುತ್ತಾರೆ. ಕೆಲವು ದಿನಗಳಲ್ಲಿ, ಏಣಿ ಹತ್ತಲು ಹೋದ ಕೋತಿಗೆ ಉಳಿದವು ಸೇರಿ ಹೊಡೆಯತೊಡಗುತ್ತವೆ. ಆಮೇಲೆ ಹಳೆಯ ಕೋತಿಗಳನ್ನು ಒಂದೊಂದಾಗಿ ತೆಗೆದು ಹೊಸವನ್ನು ಬಿಡುತ್ತಾರೆ. ಕೊನೆಗೆ ತಣ್ಣೀರನ್ನೇ ನೋಡದ ಐದು ಕೋತಿಗಳು, ಯಾಕೆಂದು ಗೊತ್ತಿಲ್ಲದೆ, ಏಣಿ ಹತ್ತುವ ಕೋತಿಗೆ ಹೊಡೆಯುತ್ತಿರುತ್ತವೆ. ನೀತಿ: ‘ನಮ್ಮ ಆಫೀಸಿನವರೂ ಹೀಗೇ.’

ಏಣಿ, ಬಾಳೆಹಣ್ಣು, ತಣ್ಣೀರು ಇರುವ ಇಂಥ ಪ್ರಯೋಗದ ವೈಜ್ಞಾನಿಕ ಪ್ರಬಂಧ ಇಲ್ಲ. 1994ರಲ್ಲಿ ಗ್ಯಾರಿ ಹ್ಯಾಮೆಲ್ ಮತ್ತು ಸಿ.ಕೆ. ಪ್ರಹ್ಲಾದ್ ಬರೆದ ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಇದೇ ಕಥೆ ನಾಲ್ಕು ಕೋತಿಗಳೊಂದಿಗೆ ಬರುತ್ತದೆ, ಮೂಲದ ಉಲ್ಲೇಖವಿಲ್ಲದೆ. ಇದಕ್ಕೆ ಸ್ವಲ್ಪ ಹತ್ತಿರದ ನಿಜವಾದ ಅಧ್ಯಯನವೆಂದರೆ 1967ರಲ್ಲಿ ಗಾರ್ಡನ್ ಸ್ಟೀಫನ್‌ಸನ್ ರೀಸಸ್ ಕೋತಿಗಳ ಮೇಲೆ ನಡೆಸಿದ್ದು. ಅದರಲ್ಲಿ ಒಂದು ವಸ್ತುವನ್ನು ಮುಟ್ಟಿದರೆ ಕೋತಿಯ ಮೇಲೆ ಜೋರಾಗಿ ಗಾಳಿ ಊದಿ ಹೆದರಿಕೆ ಕಲಿಸಿದರು. ನಂತರ ಅದರ ಜೊತೆ ಏನೂ ಗೊತ್ತಿಲ್ಲದ ಇನ್ನೊಂದು ಕೋತಿಯನ್ನು ಬಿಟ್ಟು, ಹೆದರಿಕೆ ದಾಟಿಕೊಳ್ಳುತ್ತದೆಯೇ ಎಂದು ನೋಡಿದರು. ಕೋತಿಗಳು ಜೋಡಿಯಾಗಿದ್ದವು, ಗುಂಪಾಗಿರಲಿಲ್ಲ. ಗುಂಪು ಹೊಡೆತವೂ ಇರಲಿಲ್ಲ. ಎಲ್ಲ ಜೋಡಿಗಳಲ್ಲಿ ಫಲಿತಾಂಶವೂ ಒಂದೇ ಆಗಿರಲಿಲ್ಲ.

ಒಂದರಿಂದ ಇನ್ನೊಂದು ಕಲಿಯುತ್ತದೆ ಎಂಬಷ್ಟು ಮಾತು ಸರಿ. ಅದರಿಂದ ‘ಹಳೆಯ ಸಿಬ್ಬಂದಿ ಯೋಚಿಸದೆ ಹೊಸದನ್ನು ಹೊಡೆದುರುಳಿಸುತ್ತಾರೆ’ ಎಂಬ ತೀರ್ಮಾನಕ್ಕೆ ಬರಲಾಗದು.

ಫಾರ್ವರ್ಡ್ 2: ಬಿಸಿನೀರಿನ ಕಪ್ಪೆ

ಕುದಿಯುವ ನೀರಿಗೆ ಹಾಕಿದರೆ ಕಪ್ಪೆ ಹಾರುತ್ತದೆ, ತಣ್ಣೀರಿಗೆ ಹಾಕಿ ನಿಧಾನವಾಗಿ ಬಿಸಿ ಮಾಡಿದರೆ ಗೊತ್ತಾಗದೆ ಸಾಯುತ್ತದೆ ಎನ್ನುತ್ತದೆ ಈ ಕಥೆ. 1869ರಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ಫ್ರೀಡ್ರಿಕ್ ಗೋಲ್ಟ್ಜ್ ಇಂಥ ಪ್ರಯೋಗ ಮಾಡಿದ್ದರು. ಸುಮ್ಮನೆ ಕೂತಿದ್ದು ಮೆದುಳು ತೆಗೆದ ಕಪ್ಪೆ. ಮೆದುಳಿದ್ದ ಕಪ್ಪೆ ನೀರು ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ತಪ್ಪಿಸಿಕೊಳ್ಳಲು ಒದ್ದಾಡಿತು. ನಿಧಾನವಾಗಿ ಬಿಸಿ ಮಾಡಿದರೆ ಕಪ್ಪೆ ಹಾರುವುದಿಲ್ಲ ಎಂದು ಅದೇ ಶತಮಾನದಲ್ಲಿ ಕೆಲವರು ಬರೆದದ್ದುಂಟು. ಇಂದಿನ ಜೀವಶಾಸ್ತ್ರಜ್ಞರು ಅದನ್ನು ಒಪ್ಪುವುದಿಲ್ಲ. ತನಗೆ ತಡೆಯಲಾಗದ ಬಿಸಿಗೆ ನೀರು ಮುಟ್ಟುವ ಮುನ್ನವೇ, ದಾರಿ ಇದ್ದರೆ ಕಪ್ಪೆ ಹೊರಗೆ ಬರುತ್ತದೆ.

ದಾರಿ ಇದ್ದರೆ ಎಂಬ ಮಾತನ್ನು ಮರೆಯಬೇಡಿ. ಪಾತ್ರೆಗೆ ಮುಚ್ಚಳ ಹಾಕಿ ಕಪ್ಪೆ ಹಾರಲಿಲ್ಲ ಎನ್ನುವುದರಲ್ಲಿ ಅರ್ಥವಿಲ್ಲ.

ಫಾರ್ವರ್ಡ್ 3: ‘100ರಲ್ಲಿ 70 ಬದಲಾವಣೆಗಳು ವಿಫಲ’

ಕೆಲಸದ ಜಾಗದ ಟ್ರೇನಿಂಗ್‌ಗಳಲ್ಲಿ, ಪವರ್‌ಪಾಯಿಂಟ್‌ಗಳಲ್ಲಿ ಈ ಅಂಕಿ ಪದೇ ಪದೇ ಕಾಣುತ್ತದೆ. 1993ರಲ್ಲಿ ಮೈಕೆಲ್ ಹ್ಯಾಮರ್ ಮತ್ತು ಜೇಮ್ಸ್ ಚಾಂಪಿ ತಮ್ಮ ಪುಸ್ತಕದಲ್ಲಿ ಶೇ 50ರಿಂದ 70ರಷ್ಟು ಎಂಬ ಅಂದಾಜು ಕೊಟ್ಟರು. ಇದು ವೈಜ್ಞಾನಿಕ ಲೆಕ್ಕವಲ್ಲ ಎಂದು ಅವರೇ ಹೇಳಿದ್ದರು. ಆ ಮಾತು ಬಿದ್ದುಹೋಗಿ ಅಂಕಿ ಮಾತ್ರ ಉಳಿಯಿತು. 2011ರಲ್ಲಿ ಮಾರ್ಕ್ ಹ್ಯೂಸ್ ಎಂಬ ಸಂಶೋಧಕ ಈ 70ಕ್ಕೆ ಆಧಾರವಾಗಿ ತೋರಿಸಲಾಗುವ ಐದು ಬರಹಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಯಾವುದರಲ್ಲೂ ಒಪ್ಪಬಹುದಾದ ಪುರಾವೆ ಸಿಗಲಿಲ್ಲ.

ಈ ಮೂರೂ ಫಾರ್ವರ್ಡ್‌ಗಳ ಒಳಗಿರುವ ಮಾತು ಒಂದೇ: ತಪ್ಪು ಕೆಲಸ ಮಾಡುವವರದು. ಕೋತಿ ಯೋಚಿಸಲಿಲ್ಲ, ಕಪ್ಪೆಗೆ ಗೊತ್ತಾಗಲಿಲ್ಲ, ಸಿಬ್ಬಂದಿ ಒಗ್ಗಿಕೊಳ್ಳಲಿಲ್ಲ. ನೀರು ಸುರಿದವರು ಯಾರು, ಒಲೆ ಹಚ್ಚಿದವರು ಯಾರು ಎಂದು ಯಾವ ಫಾರ್ವರ್ಡ್ ಕೂಡ ಕೇಳುವುದಿಲ್ಲ.

ಹಾಗಾದರೆ ನಿಜವಾದ ಪ್ರಯೋಗ ಯಾವುದು?

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಹಾರ್ವುಡ್ ಎಂಬ ಪೈಜಾಮ ಹೊಲಿಯುವ ಕಾರ್ಖಾನೆ ಇತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಕೂಲಿ ಪೀಸ್ ಲೆಕ್ಕದಲ್ಲಿ. ಕೆಲಸದ ವಿಧಾನ ಬದಲಾದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ಹಲವರು ಕೆಲಸ ಬಿಡುತ್ತಿದ್ದರು. ಬದಲಾದ ಕೆಲಸ ಕಲಿಯುವಾಗ ನಷ್ಟವಾಗದಿರಲಿ ಎಂದು ಕಂಪನಿ ಭತ್ಯೆ ಕೊಡುತ್ತಿದ್ದರೂ ಪರಿಸ್ಥಿತಿ ಹಾಗೇ ಇತ್ತು. ಇದನ್ನು ಅರ್ಥ ಮಾಡಿಕೊಳ್ಳಲು ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಒಂದು ಪ್ರಯೋಗ ನಡೆಸಿ 1948ರಲ್ಲಿ ಪ್ರಕಟಿಸಿದರು.

ಮೊದಲ ಗುಂಪಿಗೆ ಸಭೆ ಕರೆದು, ಪೈಪೋಟಿ ಹೆಚ್ಚಿದೆ, ಇನ್ನು ಮುಂದೆ ಕೆಲಸ ಹೀಗೆ, ರೇಟು ಇಷ್ಟು ಎಂದು ತಿಳಿಸಿ, ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಎರಡನೆಯ ಗುಂಪಿನಿಂದ ಪ್ರತಿನಿಧಿಗಳನ್ನು ಆರಿಸಿ, ಹೊಸ ವಿಧಾನವನ್ನೂ ರೇಟನ್ನೂ ಅವರ ಜೊತೆ ಕೂತು ರೂಪಿಸಿದರು. ಉಳಿದ ಎರಡು ಚಿಕ್ಕ ಗುಂಪುಗಳಲ್ಲಿ ಎಲ್ಲರೂ ಈ ಚರ್ಚೆಯಲ್ಲಿ ಕೂತರು.

ಮೊದಲ ಗುಂಪಿನ ಉತ್ಪಾದನೆ ಕುಸಿದು ಕೆಳಗೇ ಉಳಿಯಿತು. ಮೊದಲ 40 ದಿನಗಳಲ್ಲಿ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಪ್ರತಿನಿಧಿಗಳಿದ್ದ ಗುಂಪು ಸುಮಾರು ಎರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬಂತು. ಎಲ್ಲರೂ ಪಾಲ್ಗೊಂಡ ಗುಂಪುಗಳು ಇನ್ನೂ ಬೇಗ ಚೇತರಿಸಿಕೊಂಡು ಹಳೆಯ ಮಟ್ಟಕ್ಕಿಂತ ಸುಮಾರು ಶೇ 14ರಷ್ಟು ಮೇಲೆ ಹೋದವು.

ಇದರ ಮುಂದಿನ ಭಾಗ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮೊದಲ ಗುಂಪಿನಲ್ಲಿ ಉಳಿದಿದ್ದ 13 ಜನರನ್ನು ಎರಡೂವರೆ ತಿಂಗಳ ನಂತರ ಮತ್ತೆ ಒಟ್ಟುಗೂಡಿಸಿದರು. ಈ ಬಾರಿ ಬದಲಾವಣೆಯನ್ನು ಅವರ ಜೊತೆಯೇ ಕೂತು ರೂಪಿಸಿದರು. ಅವರೂ ಬೇಗ ಚೇತರಿಸಿಕೊಂಡರು, ಯಾರೂ ಕೆಲಸ ಬಿಡಲಿಲ್ಲ. ಜನ ಅವರೇ, ಕಾರ್ಖಾನೆ ಅದೇ. ಬದಲಾದದ್ದು ವಿಧಾನ ಮಾತ್ರ.

ಈ ಅಧ್ಯಯನಕ್ಕೂ ಮಿತಿ ಇದೆ. ಗುಂಪುಗಳು ಚಿಕ್ಕವು. 1960ರಲ್ಲಿ ನಾರ್ವೆಯ ಪಾದರಕ್ಷೆ ಕಾರ್ಖಾನೆಯಲ್ಲಿ ಇದೇ ರೀತಿ ಮಾಡಿ ನೋಡಿದಾಗ ಉತ್ಪಾದನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎಲ್ಲರನ್ನೂ ಸಭೆಗೆ ಕೂರಿಸಿದರೆ ಉತ್ಪಾದನೆ ತಾನಾಗಿ ಏರುತ್ತದೆ ಎಂದುಕೊಳ್ಳುವುದೂ ತಪ್ಪು. ಆದರೆ ‘ಇವರ ಸ್ವಭಾವವೇ ಹೀಗೆ’ ಎಂಬ ಮಾತನ್ನು ಆ 13 ಜನ ಸುಳ್ಳು ಮಾಡಿದ್ದಂತೂ ಹೌದು.

ಬಳ್ಳಾರಿಯ ಜೀನ್ಸ್ ಹೊಲಿಗೆಯಲ್ಲಿ ಇದರ ಅರ್ಥವೇನು?

ಬಳ್ಳಾರಿ ಜೀನ್ಸ್‌ಗೆ ಹೆಸರಾದ ಊರು. ಕಟಿಂಗ್, ಹೊಲಿಗೆ, ವಾಷಿಂಗ್, ಫಿನಿಶಿಂಗ್ ಹೀಗೆ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗಿದೆ. ಬಹಳಷ್ಟು ಸಣ್ಣ ಘಟಕಗಳು, ಮನೆಯಲ್ಲೇ ಮಷಿನ್ ಇಟ್ಟುಕೊಂಡು ಹೊಲಿಯುವ ಹೆಂಗಸರೂ ಇದ್ದಾರೆ. ಇಲ್ಲೂ ಪೀಸ್ ಲೆಕ್ಕ ಸಾಮಾನ್ಯ.

ಒಂದು ಉದಾಹರಣೆ ಊಹಿಸಿಕೊಳ್ಳಿ. ಒಬ್ಬಾಕೆ ದಿನಕ್ಕೆ 60 ಜೇಬು ಹೊಲಿಯುತ್ತಾರೆ. ಕೈ ಪಳಗಿದೆ. ಮಾಲೀಕರು ಹೊಸ ಡಿಸೈನ್ ತರುತ್ತಾರೆ. ಕೈ ಕೂಡಿ ಬರುವವರೆಗೆ ದಿನಕ್ಕೆ 40 ಮಾತ್ರ ಆಗುತ್ತದೆ. ರೇಟು ಅದೇ ಇದ್ದರೆ ಅಷ್ಟು ದಿನ ಮೂರರಲ್ಲಿ ಒಂದು ಪಾಲು ಕೂಲಿ ಖೋತಾ. ಆಕೆ ‘ಹಳೆಯದೇ ಚೆನ್ನಾಗಿತ್ತು’ ಎಂದರೆ ಅದು ಮೊಂಡುತನವಲ್ಲ, ಮನೆಯ ಲೆಕ್ಕ. ಹೊಸ ಡಿಸೈನ್‌ನಿಂದ ಲಾಭ ಮಾಲೀಕರಿಗೆ ಬರುತ್ತದೆ, ಕಲಿಯುವ ದಿನಗಳ ನಷ್ಟ ಆಕೆಯ ತಲೆಗೆ ಬೀಳುತ್ತದೆ.

ಎರಿಕ್ ಡೆಂಟ್ ಮತ್ತು ಸೂಸನ್ ಗೋಲ್ಡ್‌ಬರ್ಗ್ 1999ರಲ್ಲಿ ಬರೆದ ಪ್ರಬಂಧದ ವಾದವೂ ಇದೇ. ಜನ ಬದಲಾವಣೆಯನ್ನೇ ವಿರೋಧಿಸುವುದಿಲ್ಲ. ಸಂಬಳ, ಸ್ಥಾನ, ನೆಮ್ಮದಿ ಕಳೆದುಕೊಳ್ಳುವುದನ್ನು ವಿರೋಧಿಸುತ್ತಾರೆ. ಎಲ್ಲವನ್ನೂ ‘ಬದಲಾವಣೆಗೆ ವಿರೋಧ’ ಎಂದು ಕರೆದರೆ ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಇದೇ ಜನ ಕೀಪ್ಯಾಡ್ ಫೋನ್ ಬಿಟ್ಟು ಸ್ಮಾರ್ಟ್‌ಫೋನ್ ಹಿಡಿದರು, ಚಿಲ್ಲರೆ ಬಿಟ್ಟು ಯುಪಿಐ ಸ್ಕ್ಯಾನ್ ಮಾಡಿದರು. ಅದಕ್ಕೆ ಯಾರೂ ಕಪ್ಪೆಯ ಕಥೆ ಹೇಳಬೇಕಾಗಲಿಲ್ಲ.

ಬೋರ್ಡು ಬದಲಾದಾಗ: ಗ್ರಾಮೀಣ ಬ್ಯಾಂಕ್

ಸಣ್ಣ ಘಟಕದಿಂದ ದೊಡ್ಡ ಸಂಸ್ಥೆಗೆ ಬರೋಣ. ಬದಲಾವಣೆ ಎಂದರೇನು ಎಂದು ಬಳ್ಳಾರಿಯಲ್ಲಿ ಕೇಳಬೇಕಾದರೆ ಗ್ರಾಮೀಣ ಬ್ಯಾಂಕಿನ ಹಿರಿಯ ಸಿಬ್ಬಂದಿಯನ್ನು ಕೇಳಬೇಕು. 1976ರಲ್ಲಿ ಇಲ್ಲಿ ಶುರುವಾದದ್ದು ತುಂಗಭದ್ರಾ ಗ್ರಾಮೀಣ ಬ್ಯಾಂಕ್. 2005ರಲ್ಲಿ ಅದು ಬೇರೆ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಸೇರಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಎನಿಸಿತು. 2019ರ ಏಪ್ರಿಲ್ 1ರಂದು ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕ್ ಜೊತೆಗೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ‘ಒಂದು ರಾಜ್ಯ, ಒಂದು ಗ್ರಾಮೀಣ ಬ್ಯಾಂಕ್’ ನೀತಿಯಂತೆ 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಸೇರಿತು. ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ. 20 ವರ್ಷಗಳಲ್ಲಿ ನಾಲ್ಕು ವಿಲೀನ.

ವಿಲೀನ ಎಂದಾಗ ಗ್ರಾಹಕರಿಗೆ ಪಾಸ್‌ಬುಕ್, ಐಎಫ್‌ಎಸ್‌ಸಿ ಕೋಡ್ ಚಿಂತೆ. ಸಿಬ್ಬಂದಿಯ ಪ್ರಶ್ನೆಗಳು ಬೇರೆ: ನನ್ನ ಹಿರಿತನ ಎಲ್ಲಿಗೆ ಬರುತ್ತದೆ, ವರ್ಗಾವಣೆ ಎಷ್ಟು ದೂರ, ಬಡ್ತಿ ಯಾವಾಗ? ಉತ್ತರ ಸಿಗುವವರೆಗೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. ಯಾವ ಸಂಸ್ಥೆಯ ವಿಲೀನವಾದರೂ ಇದೇ ಪಾಡು.

ಇದರ ಬಗ್ಗೆ ಡೇವಿಡ್ ಶ್ವೈಗರ್ ಮತ್ತು ಆ್ಯಂಜೆಲೊ ಡೆನಿಸಿ 1991ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಲೀನವಾಗುತ್ತಿದ್ದ ಅಮೆರಿಕದ ಕಂಪನಿಯೊಂದರ ಎರಡು ಕಾರ್ಖಾನೆ. ಒಂದರಲ್ಲಿ ವಿಲೀನದ ಸುದ್ದಿ ತಿಳಿಸಿ ಮುಖ್ಯಸ್ಥರ ಪತ್ರ ಬಂತು, ಅಷ್ಟೇ. ಇನ್ನೊಂದರಲ್ಲಿ ಸುದ್ದಿಪತ್ರ, ಪ್ರಶ್ನೆ ಕೇಳಲು ಒಂದು ಫೋನ್ ನಂಬರ್, ಮೇಲ್ವಿಚಾರಕರ ಜೊತೆ ನಿಯಮಿತ ಸಭೆ ಇದ್ದವು. ವಿಲೀನದ ಸುದ್ದಿಯಿಂದ ಎರಡೂ ಕಡೆ ಆತಂಕ ಏರಿತು. ಪತ್ರ ಮಾತ್ರ ಬಂದ ಕಡೆ ಪರಿಸ್ಥಿತಿ ದಿನ ಕಳೆದಂತೆ ಹದಗೆಟ್ಟಿತು. ಮಾಹಿತಿ ಕೊಡುತ್ತಾ ಹೋದ ಕಡೆ ಅದು ಅಲ್ಲಿಗೇ ನಿಂತು, ನಿಧಾನವಾಗಿ ಸುಧಾರಿಸಿತು. ಕಹಿ ಸುದ್ದಿಯಾದರೂ ಸರಿ, ಹೇಳಿಬಿಟ್ಟರೆ ಜನ ತಡೆದುಕೊಳ್ಳುತ್ತಾರೆ. ಏನೂ ಹೇಳದಿದ್ದರೆ ಭಯ ಬೆಳೆಯುತ್ತದೆ.

ಆದರೆ ಆದೇಶದಿಂದಲೂ ಕೆಲಸ ಆಗುತ್ತದಲ್ಲ?

ಆಗುತ್ತದೆ. ಕರ್ನಾಟಕದ ‘ಭೂಮಿ’ ಯೋಜನೆ ಅದಕ್ಕೆ ಸಾಕ್ಷಿ. ಮೊದಲು ಪಹಣಿ ಬೇಕಾದರೆ ಗ್ರಾಮ ಲೆಕ್ಕಿಗರ ಕೈಬರಹವೇ ಗತಿ. ರಾಜ್ಯದಲ್ಲಿ ಅಂಥ ಸುಮಾರು 9,000 ಲೆಕ್ಕಿಗರಿದ್ದರು. 2000ದ ಆಸುಪಾಸಿನಲ್ಲಿ, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ನೇತೃತ್ವದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗತೊಡಗಿತು. ಕೈಬರಹದ ಪಹಣಿಗೆ ಕಾನೂನು ಮಾನ್ಯತೆ ಹೋಯಿತು. ಲೆಕ್ಕಿಗರ ಒಪ್ಪಿಗೆಗೆ ಯಾರೂ ಕಾಯಲಿಲ್ಲ.

ಆದರೆ ಗೆದ್ದದ್ದು ಬರಿಯ ಆದೇಶವಲ್ಲ. 1990ರ ದಶಕದಲ್ಲೂ ಪಹಣಿಯನ್ನು ಕಂಪ್ಯೂಟರ್‌ಗೆ ಹಾಕುವ ಯೋಜನೆಗಳಿದ್ದವು. ದಾಖಲೆ ದಿನದಿನ ಬದಲಾಗುತ್ತಿದ್ದುದು ತಾಲ್ಲೂಕಿನಲ್ಲಿ, ಕಂಪ್ಯೂಟರ್ ಅಲ್ಲಿಗೆ ತಲುಪಿರಲಿಲ್ಲ. ಭೂಮಿ ಯೋಜನೆ ಕೆಲಸ ನಡೆಯುವ ಜಾಗಕ್ಕೇ ಯಂತ್ರ ತಂದಿತು. ಯಾರು ಯಾವ ಬದಲಾವಣೆ ಮಾಡಿದರು ಎಂದು ಗೊತ್ತಾಗಲು ಬೆರಳಚ್ಚಿನ ಲಾಗಿನ್ ಇಟ್ಟಿತು. ಹಳೆಯ ದಾರಿಯನ್ನು ಮುಚ್ಚಿತು. ಈ ಯೋಜನೆಯಿಂದ ಯಾರಿಗೆ ಹೆಚ್ಚು ಲಾಭವಾಯಿತು ಎಂಬ ಬಗ್ಗೆ ಸಂಶೋಧಕರಲ್ಲಿ ಭಿನ್ನಾಭಿಪ್ರಾಯವಿದೆ. ಸಣ್ಣ ರೈತರಿಗಿಂತ ದೊಡ್ಡವರಿಗೆ ಅನುಕೂಲವಾಯಿತು ಎಂಬ ಟೀಕೆಯೂ ಉಂಟು.

ಸಾರ್ವಜನಿಕರ ಹಕ್ಕು, ಸುರಕ್ಷತೆ, ಭ್ರಷ್ಟಾಚಾರದ ವಿಷಯದಲ್ಲಿ ‘ಆಗಲೇಬೇಕು’ ಎಂಬ ಆದೇಶ ನ್ಯಾಯವೇ. ಏನು ಆಗಬೇಕು ಎಂಬುದು ಆದೇಶವಾಗಿದ್ದರೂ ಹೇಗೆ ಆಗಬೇಕು ಎಂಬುದನ್ನು ಕೆಲಸ ಮಾಡುವವರ ಜೊತೆ ಕೂತು ತೀರ್ಮಾನಿಸಬಹುದು.

ಹೊಸ ಐಡಿಯಾ ಯಾಕೆ ಬರುವುದಿಲ್ಲ?

‘ನಮ್ಮ ಹುಡುಗರು ಮೀಟಿಂಗ್‌ನಲ್ಲಿ ಬಾಯಿ ಬಿಡುವುದಿಲ್ಲ’ ಎಂಬುದು ಇನ್ನೊಂದು ದೂರು. ಇದಕ್ಕೆ ಮದ್ದೆಂದು ಎಲ್ಲರನ್ನೂ ಕೂರಿಸಿ ಬ್ರೈನ್‌ಸ್ಟಾರ್ಮಿಂಗ್ ಮಾಡಿಸುತ್ತಾರೆ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್‌ಬಾರ್ನ್. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದಾಗ ಬೇರೆಯದೇ ಕಂಡಿತು. ನಾಲ್ವರು ಒಟ್ಟಿಗೆ ಕೂತಾಗ ಬಂದ ಐಡಿಯಾಗಳಿಗಿಂತ, ನಾಲ್ವರು ಬೇರೆ ಬೇರೆಯಾಗಿ ಕೂತು ಯೋಚಿಸಿದ್ದನ್ನು ಸೇರಿಸಿದಾಗ ಹೆಚ್ಚು ಐಡಿಯಾ ಸಿಕ್ಕವು. 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ ಕಾರಣ ಹುಡುಕಿದರು. ಒಬ್ಬರು ಮಾತಾಡುವಾಗ ಉಳಿದವರು ತಮ್ಮ ಸರದಿಗೆ ಕಾಯುತ್ತಾರೆ, ಅಷ್ಟರಲ್ಲಿ ಯೋಚನೆ ಕಡಿದುಹೋಗುತ್ತದೆ. ನಮ್ಮಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಸರ್ ಮಾತಾಡಿದ ಮೇಲೆ ಅವರಿಗೆ ಎದುರಾಡುವುದು ಹೇಗೆ?

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ಔಷಧಿಯ ತಪ್ಪುಗಳು ಕಡಿಮೆ ಇರಬಹುದು ಎಂಬುದು ನಿರೀಕ್ಷೆ. ಲೆಕ್ಕದಲ್ಲಿ ಅಲ್ಲೇ ಹೆಚ್ಚು ಕಂಡವು. ಅಲ್ಲಿ ಹೆಚ್ಚು ತಪ್ಪು ನಡೆಯುತ್ತಿತ್ತು ಎನ್ನುವುದಕ್ಕಿಂತ, ತಪ್ಪನ್ನು ಭಯವಿಲ್ಲದೆ ಹೇಳುತ್ತಿದ್ದರು ಎಂಬ ವಿವರಣೆಗೆ ಅವರು ಬಂದರು. 1999ರಲ್ಲಿ ಒಂದು ಕಂಪನಿಯ 51 ತಂಡಗಳ ಅಧ್ಯಯನದಲ್ಲಿ, ಮಾತಾಡಿದರೆ ಅವಮಾನವಾಗದು ಎಂಬ ಭರವಸೆ ಇರುವ ತಂಡಗಳು ಹೆಚ್ಚು ಕಲಿಯುತ್ತವೆ ಎಂದು ತೋರಿಸಿದರು. ‘ಈ ಇಂಜೆಕ್ಷನ್ ಸರಿಯೇ ನೋಡಿ’ ಎಂದು ಕಿರಿಯ ನರ್ಸ್ ಹಿರಿಯ ಡಾಕ್ಟರಿಗೆ ಹೇಳಬಲ್ಲರೇ ಎಂಬುದು ರೋಗಿಯ ಜೀವದ ಪ್ರಶ್ನೆ.

ನಿಮ್ಮ ತಂಡದಲ್ಲಿ ಏನು ಮಾಡಬಹುದು?

ಅಂಗಡಿ, ಶಾಲೆ, ಬ್ಯಾಂಕ್ ಶಾಖೆ, ಹೊಲಿಗೆ ಘಟಕ, ಎಲ್ಲಿಯಾದರೂ ಹತ್ತಾರು ಜನರ ತಂಡದಲ್ಲಿ ಖರ್ಚಿಲ್ಲದೆ ಮಾಡಬಹುದಾದ ಕೆಲವು ಕೆಲಸ:

1. ಮೊದಲು ಬರೆಯಿರಿ, ಆಮೇಲೆ ಮಾತು. ಹತ್ತು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯಲಿ. ಓದುವಾಗ ಹೆಸರು ಬೇಡ. ಹಿರಿಯರು ಕೊನೆಯಲ್ಲಿ ಮಾತಾಡಲಿ.
2. ಪ್ರತಿ ಸಲಹೆಗೂ ಉತ್ತರ ಕೊಡಿ. ಟೊಯೊಟಾ ಕಂಪನಿ 1951ರಿಂದ ಕಾರ್ಮಿಕರ ಸಲಹಾ ವ್ಯವಸ್ಥೆ ನಡೆಸುತ್ತಿದೆ. ಸಲಹಾ ಪೆಟ್ಟಿಗೆ ನಮ್ಮ ಕಚೇರಿಗಳಲ್ಲೂ ಇದೆ, ಬೀಗದ ಕೀಲಿ ಯಾರ ಬಳಿ ಎಂದು ಗೊತ್ತಿಲ್ಲ. ‘ಆಗುವುದಿಲ್ಲ, ಕಾರಣ ಇದು’ ಎಂಬ ಉತ್ತರವೂ ಉತ್ತರವೇ. ಮೌನ ಕಂಡವರು ಎರಡನೇ ಸಲ ಬರೆಯುವುದಿಲ್ಲ.
3. ಯಾರು ಏನು ಕಳೆದುಕೊಳ್ಳುತ್ತಾರೆ ಎಂದು ಪಟ್ಟಿ ಮಾಡಿ. ಸಮಯ, ಕೂಲಿ, ಗೌರವ, ಮನೆಗೆ ಹೋಗುವ ಬಸ್ಸು. ಪೀಸ್ ಲೆಕ್ಕದ ಕೆಲಸವಾದರೆ ಕಲಿಯುವ ದಿನಗಳಿಗೆ ಹಳೆಯ ಕೂಲಿಯನ್ನೇ ಕೊಡುವ ಮಾತು ಮೊದಲೇ ಆಗಲಿ.
4. ಚಿಕ್ಕದಾಗಿ ಶುರು ಮಾಡಿ. ಒಂದು ಕೌಂಟರ್, ಎರಡು ವಾರ. ಯಾವ ದಿನ ಪರಿಶೀಲನೆ, ಏನಾದರೆ ನಿಲ್ಲಿಸುತ್ತೇವೆ ಎಂದು ಮೊದಲೇ ಹೇಳಿ.
5. ತೀರ್ಮಾನ ಆಗಿಹೋಗಿದ್ದರೆ ಹಾಗೆಂದೇ ಹೇಳಿ. ಎಲ್ಲ ನಿರ್ಧರಿಸಿದ ಮೇಲೆ ‘ನಿಮ್ಮ ಅಭಿಪ್ರಾಯ ಏನು’ ಎಂದು ಕೇಳಿದರೆ ಜನಕ್ಕೆ ಗೊತ್ತಾಗುತ್ತದೆ. ಮುಂದಿನ ಸಲ ನಿಜವಾಗಿ ಕೇಳಿದರೂ ನಂಬುವುದಿಲ್ಲ.

ನೀವು ಮ್ಯಾನೇಜರ್ ಅಲ್ಲ, ಕೆಲಸ ಮಾಡುವವರು ಎಂದಾದರೆ ಆಕ್ಷೇಪವನ್ನು ಲೆಕ್ಕದಲ್ಲಿ ಹೇಳಿ ನೋಡಿ. ‘ಇದು ಬೇಡ ಸರ್’ ಎನ್ನುವುದಕ್ಕಿಂತ ‘ಈ ಆ್ಯಪ್‌ನಲ್ಲಿ ಒಂದು ಎಂಟ್ರಿಗೆ ಮೊದಲಿಗಿಂತ ಐದು ನಿಮಿಷ ಹೆಚ್ಚು ಹಿಡಿಯುತ್ತಿದೆ, ದಿನಕ್ಕೆ 30 ಎಂಟ್ರಿ’ ಎಂದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಫಾರ್ವರ್ಡ್ ಮಾಡುವ ಮುನ್ನ

‘ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು’ ಎಂದು ಶುರುವಾಗುವ ಸಂದೇಶದಲ್ಲಿ ಮೂರು ವಿಷಯ ಹುಡುಕಿ: ವಿಜ್ಞಾನಿಯ ಹೆಸರು, ವರ್ಷ, ಎಲ್ಲಿ ಪ್ರಕಟವಾಯಿತು. ಮೂರೂ ಇಲ್ಲದಿದ್ದರೆ ಅದನ್ನು ಕಥೆ ಎಂದು ಓದಿ, ಪುರಾವೆ ಎಂದಲ್ಲ. ಅಂಕಿ ಇದ್ದರೆ, ಯಾರು ಎಣಿಸಿದರು ಎಂದು ಕೇಳಿ.

ಕಥೆ ಹಂಚಿಕೊಳ್ಳುವುದು ತಪ್ಪಲ್ಲ. ಆದರೆ ಸಹೋದ್ಯೋಗಿಯೊಬ್ಬರು ಹೊಸ ಶಿಫ್ಟ್‌ನಿಂದ ಮಗುವನ್ನು ಶಾಲೆಯಿಂದ ಕರೆತರಲು ಆಗುತ್ತಿಲ್ಲ ಎಂದು ಗ್ರೂಪ್‌ನಲ್ಲಿ ಬರೆದಾಗ, ಅದರ ಕೆಳಗೆ ಕಪ್ಪೆಯ ಕಥೆ ಹಾಕಿದರೆ ಅವರ ಬಾಯಿ ಮುಚ್ಚಿಸಿದಂತೆ. ಎಷ್ಟು ಗಂಟೆಗೆ ಶಾಲೆ ಬಿಡುತ್ತದೆ ಎಂದು ಕೇಳಿದರೆ, ಬಹುಶಃ ಶಿಫ್ಟ್ ಹೊಂದಿಸುವ ದಾರಿಯೂ ಅದೇ ಗ್ರೂಪ್‌ನಲ್ಲಿ ಸಿಗಬಹುದು.